ಗಾಡಿ ಹತ್ತದ ಅಕ್ಕ

ಒಬ್ಬರೇ ಒಂದೇ ಹೊತ್ತಿಗೆ ಎರಡು ಊರಲ್ಲಿ ಕಂಡರು ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖದ ಮೇಲೆಯೇ ನಕ್ಕುಬಿಡುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ. ಆದರೆ ಆ ದಿನವನ್ನು ನೆನೆದರೆ ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ.

ಬೀದರದ ಮೈಲೂರಿನಲ್ಲಿ ನಮ್ಮದು ಕೂಡು ಕುಟುಂಬ. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರಿಗೆ, ಒಂದು ದಿನದ ಪ್ರವಾಸ ಹೊಂದಿಸುವ ಹುಚ್ಚು. ಎಲ್ಲಿ ಚಹಾ, ಎಲ್ಲಿ ಊಟ, ಯಾವ ಗುಡಿಯಲ್ಲಿ ಎಷ್ಟು ನಿಮಿಷ, ಎಲ್ಲ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸುವರು. ಬರುವವರ ಹೆಸರೂ ಅದರಲ್ಲಿರುತ್ತಿತ್ತು. ಅವರ ಹೆಂಡತಿಯ, ನಾನು ಅಕ್ಕ ಎನ್ನುವವಳ, ಹೆಸರು ಮಾತ್ರ ಒಮ್ಮೆಯೂ ಇರಲಿಲ್ಲ. ಹಾಸಿಗೆ ಹಿಡಿದ ಅತ್ತೆಯ ಹತ್ತಿರ ಒಬ್ಬರು ಇರಬೇಕು. ಆ ಒಬ್ಬರು ಯಾವಾಗಲೂ ಅಕ್ಕನೇ. ನಸುಕಿನಲ್ಲೆದ್ದು ಬುತ್ತಿಗೆ ರೊಟ್ಟಿ ಬಡಿಯುವವಳೂ ಅವಳೇ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎನ್ನುತ್ತಾರಲ್ಲ, ಹಾಗೆ ಹೊಗಳಿಕೆ ನನಗೆ ಸಿಗುತ್ತಿತ್ತು. "ಔರಾದದ ಗುಡಿ ಒಮ್ಮೆರ ನೋಡಬೇಕಂತ ಆಸೆ ಅದ ತಂಗಿ" ಎಂದು ಅವಳು ನನ್ನೆದುರು ಎಷ್ಟೋ ಸಲ ಅಂದಿದ್ದಳು.

ಆ ಸಲದ ಹಾಳೆಯಲ್ಲಿ ಭಾಲ್ಕಿ ಕಡೆಯ ಭಾತಂಬ್ರಾ ಕೋಟೆ, ಆಮೇಲೆ ಔರಾದ ಇತ್ತು. ಕ್ರೂಸರ್ ಗಾಡಿಯಲ್ಲಿ ಒಂದು ಸೀಟು ಖಾಲಿಯೇ ಇತ್ತು. ಭಾವ ಅದರ ಮೇಲೆ ಬುತ್ತಿಯ ಗಂಟು ಇಡಿಸಿದರು. ನನ್ನ ಮೈಯೆಲ್ಲ ಉರಿಯಿತು, ಆದರೂ ಗಾಡಿ ಹತ್ತಿ ಕೂತೆ.

ಭಾತಂಬ್ರಾದಲ್ಲಿ ನಾಷ್ಟಾಕ್ಕೆ ಗಂಟು ಬಿಚ್ಚಿದರೆ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಇರಲಿಲ್ಲ. ಭಾವ ಎಲ್ಲರೆದುರೇ ಫೋನಿನಲ್ಲಿ ಅಕ್ಕನನ್ನು ಬೈದರು. "ಒಂದ ಕೆಲಸರೆ ನೆಟ್ಟಗ ಮಾಡ್ತೀ ಏನು ನೀ?" ಅತ್ತಲಿಂದ ಬಂದದ್ದು ಒಂದೇ ಮಾತಂತೆ: "ತಂದ ಕೊಡ್ತೇನಿ." ಅದನ್ನು ಎಲ್ಲರಿಗೂ ಹೇಳಿ ಭಾವ ಹೊಟ್ಟೆ ಹಿಡಿದು ನಕ್ಕರು.

ಔರಾದದಲ್ಲಿ ಗಾಡಿ ಇಳಿದೊಡನೆ ಗುಡಿಯ ಮುಂದೆ ಕಾಯಿ ಮಾರುವ ಮುದುಕಿ ನನ್ನ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟಳು. "ನಿಮ್ಮ ಮನಿ ಅಕ್ಕಾರು ಕೊಟ್ಟ ಹೋಗ್ಯಾರ ನೋಡ್ರಿ. ಬಿಳಿ ಕ್ರೂಸರ್ ಬರ್ತದ, ಅದರಾಗಿನ ಮಂದಿಗಿ ಕೊಡು ಅಂದ್ರು. ಗುಡಿ ತುಂಬ ಅಡ್ಡಾಡಿ ನೋಡಿದ್ರು. ಭಾಳ ಹೊತ್ತು ಮೆಟ್ಟಲ ಮ್ಯಾಲ ಕುಂತಿದ್ರು. ಕೈಗಿ ಇನ್ನಾ ಜ್ವಾಳದ ಹಿಟ್ಟ ಹತ್ತಿತ್ತು."

ಡಬ್ಬಿಯ ಮೇಲೆ ಅಕ್ಕನ ತವರಿನವರು ಮದುವೆಯಲ್ಲಿ ಕೆತ್ತಿಸಿದ ಹೆಸರಿತ್ತು. ಒಳಗೆ ಹಿಂಡಿ ಇತ್ತು. ನಾನು ಅತ್ತೆಗೆ ಫೋನ್ ಮಾಡಿದೆ. "ಆಕಿ ಎಲ್ಲಿಗಿ ಹೋಗ್ತಾಳವ್ವಾ? ಮುಂಜಾನಿಂದ ಇಲ್ಲೇ ನನ್ನ ಕಾಲ ಒತ್ತಲತ್ತಾಳ" ಎಂದರು. ಭಾವ, "ಯಾರ ಕೈಲಿರೆ ಬಸ್ಸಿನಾಗ ಕಳಿಸ್ಯಾಳ ಬಿಡು" ಎಂದು ಹಿಂಡಿ ಹಚ್ಚಿಕೊಂಡು ನಾಲ್ಕು ರೊಟ್ಟಿ ಮುಗಿಸಿದರು.

ಸಂಜೆ ಮನೆಗೆ ಬಂದು, "ಅಕ್ಕಾ, ನೀ ಔರಾದಕ್ಕ ಬಂದಿದ್ದೇನು?" ಎಂದು ಕೇಳಿದೆ. "ಎಲ್ಲಾರೂ ಉಂಡ್ರಿಲ್ಲ?" ಎಂದಳು. ಅಷ್ಟೇ. ಭಾಂಡೆ ತೊಳೆಯಲು ಹೋದಳು.

ಡಬ್ಬಿ ಅಲ್ಲಿಗೆ ಹೇಗೆ ಹೋಯಿತು, ಆ ಮುದುಕಿ ಯಾರನ್ನು ನೋಡಿದಳು, ಇಷ್ಟು ವರ್ಷ ತಲೆ ಕೆಡಿಸಿಕೊಂಡರೂ ನನಗೆ ತಿಳಿದಿಲ್ಲ. ಮುಂದಿನ ಪ್ರವಾಸದ ದಿನ ನಾನು ಧೈರ್ಯ ಮಾಡಿ, "ಈ ಸಲ ಅತ್ತಿ ಸಂಗಟ ನಾ ಇರ್ತೇನಿರಿ, ಅಕ್ಕ ಬರ್ಲಿ" ಎಂದೆ. ಅಕ್ಕನೇ ತಡೆದಳು. "ಔರಾದ ನಾ ನೋಡೀನಿ ತಂಗಿ. ನೀ ಹೋಗು."

"ಕೇಳಿದಿಲ್ಲ? ನೋಡ್ಯಾಳಂತ!" ಎಂದರು ಭಾವ. ಅಂದಿನಿಂದ ಅವರಿಗೆ ಬೇರೆ ನೆಪವೇ ಬೇಕಾಗಲಿಲ್ಲ. ಈ ಮಾತಿಗೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಆದರೆ ನಿಮ್ಮೆದುರು ಸುಳ್ಳು ಯಾಕೆ ಹೇಳಲಿ? ನಾನೂ ಅವಳನ್ನು ಎರಡನೇ ಸಲ ಕರೆಯಲಿಲ್ಲ. ಕಿಟಕಿ ಪಕ್ಕದ ಸೀಟು ಹಿಡಿದು ಕೂತುಬಿಟ್ಟೆ.