ಹೆಸರು ಆಮೇಲೆ ಹೇಳುವ ಆಟಗಾರ

ತೊಂಬತ್ತರ ದಶಕದ ಕೊನೆ. ಲಂಡನ್ನಿನ ಹೌನ್ಸ್ಲೋದಲ್ಲಿದ್ದ ನಮ್ಮ ಆಫೀಸಿಗೆ ಅಮೆರಿಕದಿಂದ ದೊಡ್ಡ ಬಾಸ್ ಬಂದಿದ್ದರು. ನನ್ನ ಕಾಂಟ್ರಾಕ್ಟ್ ಮುಂದುವರಿಸುವುದು ಅವರ ಕೈಯಲ್ಲಿತ್ತು. ಊಟದ ಹೊತ್ತಿಗೆ ನನ್ನೆದುರು ಕೂತು, "ನಮ್ಮೂರ ಬೇಸ್‌ಬಾಲ್ ತಂಡದವರು ಒಳ್ಳೇ ಪಿಚರ್‌ನನ್ನು, ನಿಮ್ಮ ಬೌಲರ್ ಇದ್ದಹಾಗೆ, ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಸರಿಯೋ ತಪ್ಪೋ?" ಎಂದರು.

ಆ ಆಟದ ತಲೆಬುಡ ಗೊತ್ತಿಲ್ಲದಿದ್ದರೂ ಗಂಭೀರವಾಗಿ, "ಬದಲಿಗೆ ಯಾರನ್ನು ತಗೊಂಡರು?" ಎಂದೆ.

"ಒಬ್ಬ ಆಟಗಾರನನ್ನು. ಯಾರು ಅಂತ ಆಮೇಲೆ ಹೇಳ್ತಾರಂತೆ."

"ಅಯ್ಯೋ, ನಮ್ಮ ಕಡೆ ಗಂಡು ಹುಡುಕುವಾಗ ಫೋಟೋನಾದರೂ ಕೇಳ್ತಾರೆ ಸಾರ್!" ಬಾಯಿತಪ್ಪಿ ಬಂದುಬಿಟ್ಟಿತು.

ಬಾಸ್ ಸ್ಯಾಂಡ್‌ವಿಚ್ ಕೆಳಗಿಟ್ಟರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಮೇಜು ಗುದ್ದಿ, "ಇದನ್ನೇ ನನ್ನ ಹೆಂಡತಿಗೆ ಹೇಳಿ ಹೇಳಿ ನನಗೆ ಸಾಕಾಗಿಹೋಗಿತ್ತು!" ಎಂದರು.

ಕಾಂಟ್ರಾಕ್ಟ್ ಮುಂದುವರಿಯಿತು. ಜೊತೆಗೆ ಹೊಸಬರ ಇಂಟರ್‌ವ್ಯೂ ಮಾಡುವ ಕೆಲಸವೂ ನನ್ನ ತಲೆಗೇ ಬಂತು. ಆಳು ಅಳೆಯುವ ಕಣ್ಣು ನನಗಿದೆಯಂತೆ.