ಅರವತ್ತೊಂದರ ಅಪ್ರಾಪ್ತೆ

ಕಾಪುವಿನ ಕಮಲಕ್ಕ ಕಾರ್ಕಳ ರಸ್ತೆಯ ಸಣ್ಣ ಪೇಟೆಯೊಂದರ ಮಾರ್ಕೆಟ್‌ನಲ್ಲಿ ಮೀನು ಮಾರಿಕೊಂಡೇ ಅರವತ್ತು ದಾಟಿದವರು. ಗಂಡ ತೀರಿಕೊಂಡ ಮೇಲೆ ಮಗ ಯಶ್ವಂತನನ್ನು ಬಂಗುಡೆ, ಬೂತಾಯಿ ಮಾರಿಯೇ ಓದಿಸಿದರು. ಸೊಸೆ ಕಾವ್ಯ ಫೋನಿನಲ್ಲಿ ವಿಡಿಯೋ ಹಾಕುವುದನ್ನು ಕಲಿಸಿದ್ದೇ ತಡ, ತಾಜಾ ಮೀನನ್ನು ಗುರುತಿಸುವುದು ಹೇಗೆ ಎಂದು ಶುರುಮಾಡಿದ ಕಮಲಕ್ಕ, ರಿಪೇರಿಗೆಂದು ಬಿಚ್ಚಿದ ಮಾರ್ಕೆಟ್ ಛಾವಣಿಯ ಶೀಟುಗಳು ಎಲ್ಲಿಗೆ ಹೋದವು ಎಂದು ಕೇಳುವಲ್ಲಿಗೆ ಬಂದು ಮುಟ್ಟಿದರು. ನೋಡುವವರು ಸಾವಿರಗಟ್ಟಲೆಯಾದರು.

ಅಷ್ಟರಲ್ಲಿ ಮಕ್ಕಳ ರಕ್ಷಣೆಗೆಂದು ಹೊಸ ನಿಯಮ ಬಂತು. ಆ್ಯಪ್ ಎಲ್ಲರ ವಯಸ್ಸಿಗೂ ಪುರಾವೆ ಕೇಳಿತು. ಕಮಲಕ್ಕ ಹೇಳಿದಂತೆ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಕಣ್ಣು ಮಿಟುಕಿಸಿದರು. ಬಹಳ ಯೋಚಿಸಿದ ಆ್ಯಪ್, ಇವರಿಗೆ ಹದಿನೆಂಟು ತುಂಬಿದ್ದು ಖಚಿತವಿಲ್ಲ, ಪೋಷಕರ ಒಪ್ಪಿಗೆ ಬೇಕು ಎಂದು ತೀರ್ಪು ಕೊಟ್ಟಿತು. ಪುರಾವೆಗೆ ಆಧಾರ್ ಕೊಡೋಣವೆಂದರೆ ಅದರಲ್ಲಿ ಹೆಸರು ತಪ್ಪಿತ್ತು. ಸರಿಮಾಡಿಸಲು ಹೋದರೆ, ಐಸು ಮುಟ್ಟಿ ಮುಟ್ಟಿ ಸವೆದ ಬೆರಳನ್ನು ಯಂತ್ರ ಒಪ್ಪಲಿಲ್ಲ. ತೀರಿಹೋದ ತಂದೆತಾಯಿಯನ್ನು ಕರೆಸುವಂತಿರಲಿಲ್ಲವಾದ್ದರಿಂದ ಯಶ್ವಂತನೇ ತಾಯಿಗೆ ಪೋಷಕನಾದ. ಇನ್ನು ಪ್ರತಿ ವಿಡಿಯೋಕ್ಕೂ ಅವನ ಫೋನಿನಿಂದ ಒಪ್ಪಿಗೆ ಬೇಕು.

ಪಂಚಾಯತಿನ ಬೀದಿದೀಪದ ಗುತ್ತಿಗೆ ಅವನದು. ಈ ಕಥೆಯನ್ನು ಅಲ್ಲಿ ನಗುತ್ತಾ ಹೇಳಿದ. ಮಾರ್ಕೆಟ್ ರಿಪೇರಿಯ ಉಸ್ತುವಾರಿ ಹೊತ್ತಿದ್ದ ಸದಸ್ಯ ಸರ್ವೋತ್ತಮ ನಗಲಿಲ್ಲ.

"ಅಮ್ಮನಿಗೆ ಸ್ವಲ್ಪ ಹೇಳು ಮಾರಾಯ. ಈಗ ಎಲ್ಲ ನಿನ್ನ ಕೈಯಲ್ಲೇ ಉಂಟಲ್ಲ" ಎಂದರು.

ಕಮಲಕ್ಕನ ಮುಂದಿನ ವಿಡಿಯೋ ಹೊರಗೆ ಬರಲೇ ಇಲ್ಲ.

"ಎಂತ, ತಡೆದದ್ದು ನೀನಾ?" ಎಂದು ಮಗನನ್ನು ಕೇಳಿದರು.

"ನಾನಲ್ಲ ಅಮ್ಮ, ಕಾನೂನು. ಮಕ್ಕಳಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು."

"ಇಲ್ಲಿ ಮಗು ಯಾರು?"

ಯಶ್ವಂತ ಫೋನನ್ನು ಜೇಬಿಗೆ ಸೇರಿಸಿದ.

"ಸರಿ. ಮಗುವಿನಿಂದ ಕೆಲಸ ಮಾಡಿಸುವುದೂ ತಪ್ಪೇ ಅಲ್ವಾ?"

ಮರುದಿನ ಕಮಲಕ್ಕ ಬುಟ್ಟಿ ಎತ್ತಲಿಲ್ಲ, ಒಲೆ ಹಚ್ಚಲಿಲ್ಲ. ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತು, ಹಸಿವಾಗುತ್ತದೆ ಎಂದು ಪೋಷಕರನ್ನು ಕರೆದರು. ಕಾವ್ಯಳೂ ಅತ್ತೆಯ ಪಕ್ಕ ಬಂದು ಕೂತಳು. ಪೋಷಕರು ಮಾಡಿದ ಅನ್ನ ತಳ ಹಿಡಿದಿತ್ತು. ತಾಯಿ ಅದನ್ನು ಒಂದು ಮಾತೂ ಆಡದೆ ಉಂಡದ್ದು ಯಶ್ವಂತನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಕೈ ತೊಳೆದವನೇ ಒಪ್ಪಿಗೆಯ ಗುಂಡಿ ಒತ್ತಿದ.

ಸರ್ವೋತ್ತಮರಿಗೆ ಎಳೆಯ ಮನಸ್ಸುಗಳ ಚಿಂತೆ ಹತ್ತಿತು. ವಿಡಿಯೋದಲ್ಲಿ ಕತ್ತಿ ಉಂಟು, ಮೀನಿನ ರಕ್ತ ಉಂಟು ಎಂದು ಆ್ಯಪ್‌ಗೆ ದೂರು ಕೊಟ್ಟರು. ವಾರ ವಾರವೂ ಅದೇ ಕತ್ತಿಯಿಂದ ಅಂಜಲ್ ಮೀನು ಕೊಯ್ಯಿಸಿ ಒಯ್ಯುವ ಮನುಷ್ಯ. ದೂರು ಫಲಿಸಿತು, ವಿಡಿಯೋಕ್ಕೆ 'ವಯಸ್ಕರಿಗೆ ಮಾತ್ರ' ಎಂಬ ಹಣೆಪಟ್ಟಿ ಬಿತ್ತು. ಅದುವರೆಗೆ ಅದನ್ನು ಕಣ್ಣೆತ್ತಿಯೂ ನೋಡದವರಿಗೆಲ್ಲ ಈಗ ನೋಡಲೇಬೇಕಾಯಿತು. ಸುದ್ದಿ ನಿಟ್ಟೆಯ ಕಾಲೇಜು ಹಾಸ್ಟೆಲುಗಳ ತನಕ ಹೋಯಿತು. ಆಸೆಯಿಂದ ತೆರೆದವರಿಗೆ ಸಿಕ್ಕಿದ್ದು ಬೋಳು ಕಬ್ಬಿಣದ ಕಂಬಗಳು ಮತ್ತು "ಶೀಟು ಎಲ್ಲಿ ಸ್ವಾಮಿ?" ಎಂಬ ಪ್ರಶ್ನೆ. ನಿರಾಸೆಯಾದರೂ ಹಂಚಿದರು.

ಮಳೆಗಾಲಕ್ಕೆ ಮೊದಲೇ ಶೀಟುಗಳು ದಾರಿ ನೆನಪಾದಂತೆ ತಾವಾಗಿಯೇ ಮಾರ್ಕೆಟ್‌ಗೆ ಬಂದವು. ಯಶ್ವಂತನ ಗುತ್ತಿಗೆ ಹೋಯಿತು. ಈಗ ಮಣಿಪಾಲದ ಕಟ್ಟಡಗಳಲ್ಲಿ ವಯರಿಂಗ್ ಮಾಡುತ್ತಾನೆ. ಅನ್ನವನ್ನೂ ಚೆನ್ನಾಗಿ ಮಾಡುತ್ತಾನಂತೆ.

ಮೊನ್ನೆ ಶಾಲೆಯ ಹುಡುಗಿಯರಿಬ್ಬರು ಬುಟ್ಟಿಯ ಮುಂದೆ ನಿಂತು, "ನಿಮ್ಮ ವಿಡಿಯೋ ನೋಡಿದೆವು" ಎಂದರು.

"ಅದು ದೊಡ್ಡವರಿಗೆ ಅಲ್ವಾ?"

"ಆ್ಯಪ್‌ಗೆ ಅಜ್ಜನ ಮುಖ ತೋರಿಸಿದೆವು."

"ಹಾಗಾದರೆ ಅಜ್ಜನನ್ನೇ ಕೇಳಿ ಬನ್ನಿ," ಎಂದರು ಕಮಲಕ್ಕ, "ಮೀನು ಯಾವುದು ಬೇಕು ಅಂತ."