ಬೀದಿಯಲ್ಲಿ ಹೂತ ಮಟ್ಟೆ

ನಮ್ಮ ಬೀದಿಯ ಇಂಗುಗುಂಡಿಗಳನ್ನು ಕೆಡಿಸಿದವನು ನಾನು. ಜಲ್ಲಿ ತುಂಬಬೇಕಾದ ಕಡೆ ತೆಂಗಿನಕಾಯಿ ಸುಲಿದ ಮಟ್ಟೆ ತುಂಬಿಸಿ, ಕಣ್ಣಿಗೆ ಕಾಣುವಷ್ಟು ಜಲ್ಲಿಯನ್ನು ಮೇಲೆ ಹರಡಿ, ಎಲ್ಲ ಸರಿಯಾಗಿದೆ ಎಂದು ಸುಳ್ಳು ಹೇಳಿದೆ. ಆ ಸುಳ್ಳಿನ ಹೊರೆಯನ್ನು ಇಷ್ಟು ವರ್ಷ ಹೊತ್ತವರು ಸುಮಿತ್ರಾ ಮೇಡಂ. ತಾವು ಹೊತ್ತಿರುವುದು ಇನ್ನೊಬ್ಬರ ಹೊರೆ ಎಂದು ಇವತ್ತಿಗೂ ಅವರಿಗೆ ಗೊತ್ತಿಲ್ಲ.

ಇದನ್ನು ಓದಿ ‘ಅಷ್ಟೇನಾ’ ಎಂದು ನೀವು ಕೇಳಬಹುದು. ಕೊಲೆಯಲ್ಲ, ದರೋಡೆಯಲ್ಲ—ಗುಂಡಿಗೆ ಮಟ್ಟೆ ತುಂಬಿದ್ದಕ್ಕೆ ಇಷ್ಟು ಪೀಠಿಕೆಯೇ? ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವೂ ಆಗಿತ್ತು.

ನಾನು ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡವನು. ಹೆಸರು ಪರಮೇಶ. ವಯಸ್ಸಿನ ಮರ್ಯಾದೆಗೋ ತಕ್ಕಡಿಯ ಮರ್ಯಾದೆಗೋ, ಬೀದಿಗೆಲ್ಲ ಪರಮೇಶಣ್ಣ. ನಮ್ಮದು ಇಳಿಜಾರಿನ ಬೀದಿ. ಮೇಲಿನ ತುದಿಯಲ್ಲಿ ಗಣೇಶನ ಗುಡಿ, ತಗ್ಗಿನ ತುದಿಯಲ್ಲಿ ರುದ್ರಮ್ಮನ ಹಿಟ್ಟಿನ ಗಿರಣಿ. ಜೋರು ಮಳೆ ಬಂದರೆ ನೀರು ಗಣೇಶನಿಗೊಂದು ನಮಸ್ಕಾರ ಹಾಕಿ ಸೀದಾ ರುದ್ರಮ್ಮನ ಗಿರಣಿಯ ಬಾಗಿಲಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ನೆರಳೆಂಬ ಪದಾರ್ಥವೇ ನಮ್ಮ ಬೀದಿಯಲ್ಲಿ ಸಿಗುತ್ತಿರಲಿಲ್ಲ. ನಮ್ಮ ಹಮಾಲರು ಕೊಬ್ಬರಿ ಮೂಟೆ ಇಳಿಸುವಾಗ ದಣಿವಾದರೆ ಲಾರಿಯ ಪಕ್ಕಕ್ಕೆ ಸರಿದು ಅದರ ನೆರಳಿನಲ್ಲೇ ಕೂರುತ್ತಿದ್ದರು.

ಸುಮಿತ್ರಾ ಮೇಡಂ ಹುಳಿಯಾರಿನ ಹತ್ತಿರದ ಕೆಂಕೆರೆಯವರು. ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದರು. ನಮ್ಮ ಬೀದಿಯಲ್ಲಿ ಬಾಡಿಗೆಗೆ ಇದ್ದರು. ಬಾಡಿಗೆಗೆ ಬಂದವರು ಸಾಮಾನ್ಯವಾಗಿ ನಲ್ಲಿ ಯಾವಾಗ ಬರುತ್ತದೆ ಎಂದು ಕೇಳಿಕೊಂಡು ಸುಮ್ಮನಾಗುತ್ತಾರೆ. ಇವರು ಮೊದಲ ಮಳೆಗಾಲದಲ್ಲೇ ಕೊಡೆ ಹಿಡಿದು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಬೀದಿಯ ಮಧ್ಯೆ ನಿಂತು ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ನೋಡುತ್ತಿದ್ದರು. ಪಾಪ, ಎಲ್ಲೋ ಒಂದು ಸುತ್ತು ಸಡಿಲವಿರಬೇಕು ಎಂದು ನಾವು ನಮ್ಮ ನಮ್ಮ ಜಗಲಿಯ ಮೇಲೆ ನಿಂತು ಮಾತಾಡಿಕೊಂಡೆವು.

ಆಮೇಲೆ ಒಂದೊಂದೇ ಮನೆಗೆ ಬಂದರು. ಕೊಟ್ಟ ಕಾಫಿ ಕುಡಿದು ಎಲ್ಲರಿಗೂ ಹೇಳಿದ್ದು ಒಂದೇ ಮಾತು. ಬೀದಿಯ ಬದಿಗೆ ಅಲ್ಲಲ್ಲಿ ಗುಂಡಿ ತೋಡಿ ಜಲ್ಲಿ ತುಂಬೋಣ, ಮಳೆನೀರು ಬಿದ್ದಲ್ಲೇ ನೆಲಕ್ಕೆ ಇಳಿಯಲಿ. ಪ್ರತಿ ಗುಂಡಿಯ ಪಕ್ಕ ಒಂದು ಹೊಂಗೆ ನೆಡೋಣ, ಅದಕ್ಕೆ ತೇವ, ನಮಗೆ ನೆರಳು. ಇನ್ನು ಮುಂದೆ ಬಿಸಿಲೂ ಹೆಚ್ಚುತ್ತದೆ, ಮಳೆಯೂ ಬಂದರೆ ಒಮ್ಮೆಗೇ ಸುರಿಯುತ್ತದೆ, ಪೇಟೆಯವರು ಈಗಲೇ ಅಣಿಯಾಗಬೇಕು ಎನ್ನುತ್ತಿದ್ದರು. ಹೆದರಿಸುವ ಧಾಟಿ ಇರಲಿಲ್ಲ. ಮದುವೆ ಮನೆಗೆ ಎಷ್ಟು ಜನ ಬರುತ್ತಾರೆ, ಎಷ್ಟು ಅಕ್ಕಿ ಬೇಕು ಎಂದು ಲೆಕ್ಕ ಹಾಕುವವರ ಹಾಗೆ ಮಾತಾಡುತ್ತಿದ್ದರು. ಅರ್ಜಿ ಹಿಡಿದು ಓಡಾಡಿ ಒಪ್ಪಿಗೆ ತಂದದ್ದೂ ಅವರೇ.

ಗುಡಿಯ ಜಗಲಿಯಲ್ಲಿ ಬೀದಿಯವರೆಲ್ಲ ಸೇರಿದಾಗ ನಾನೊಂದು ಸಲಹೆ ಕೊಟ್ಟೆ.

“ಜಲ್ಲಿ ಯಾಕೆ ಮೇಡಂ? ನಮ್ಮೂರಲ್ಲಿ ಮಟ್ಟೇಗೇನು ಬರವಾ? ತೋಟದಲ್ಲಿ ಮರದ ಸಾಲಿನ ಮಧ್ಯೆ ಮಟ್ಟೆ ಹೂತಾಕ್ತೀವಿ. ಎಂಥಾ ಬ್ಯಾಸ್ಗೇಲೂ ತ್ಯಾವ ಹಿಡ್ಕಂಡಿರ್ತದೆ.”

“ಅದಕ್ಕೇ ಬೇಡ ಅನ್ನೋದು ಪರಮೇಶಣ್ಣ,” ಎಂದರು ಮೇಡಂ. “ತೋಟದಲ್ಲಿ ನೀರು ನಿಲ್ಬೇಕು, ಇಲ್ಲಿ ಇಳ್ದು ಹೋಗ್ಬೇಕು. ಮಟ್ಟೆ ಕೊಳೆತು ಪುಡಿಯಾದ್ರೆ ಗುಂಡಿ ತಳ ಮುಚ್ಕೊಂಡ್ಬಿಡುತ್ತೆ.”

“ಪರಮೇಶಣ್ಣಂಗೆ ಬೀದೀಲೂ ಒಂದು ತೆಂಗಿನ ತೋಟ ಮಾಡೋ ಆಸೆ ಕಣ್ರೀ!” ಎಂದಳು ರುದ್ರಮ್ಮ.

ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು. ನಾನೂ ನಕ್ಕೆ—ನಗದೆ ಇನ್ನೇನು ಮಾಡಲಿ? ಆದರೆ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಊರಿನ ದಾರಿಯಲ್ಲಿ ನಮ್ಮ ತೋಟವಿದೆ. ಅಪ್ಪನ ಕಾಲದಿಂದ ಮಟ್ಟೆ ಹೂತೇ ಮರ ಉಳಿಸಿಕೊಂಡವರು ನಾವು. ನನಗೆ ಮಟ್ಟೆಯ ವಿಷಯದಲ್ಲಿ ಪಾಠ, ಅದೂ ಇಡೀ ಬೀದಿಯ ಎದುರಿಗೆ! ಆ ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಈ ಸಂಗತಿಯನ್ನು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ತಿಳಿಯದೆ ಮಾಡಿದೆ ಎಂದು ನಾನು ಹೇಳುವಂತಿಲ್ಲ. ಮೊದಲೇ ಹೇಳಿದ್ದರು. ಯಾಕೆಂದೂ ಹೇಳಿದ್ದರು.

ಗುಂಡಿ ತುಂಬಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ, ಆಳುಗಳಿದ್ದದ್ದು ನನ್ನ ಬಳಿ ತಾನೆ. ಮೊದಲ ಲೋಡ್ ಜಲ್ಲಿ ಬಂದಾಗ ಮೇಡಂ ಮುಂದೆ ನಿಂತು ಗುಡಿಯ ಎದುರಿನ ಗುಂಡಿ ತುಂಬಿಸಿದರು. ದಪ್ಪ ಕಲ್ಲು ತಳಕ್ಕೆ, ಸಣ್ಣದು ಮೇಲಕ್ಕೆ. ಅದಾದ ಮೇಲೆ ಅವರ ತಾಯಿಗೆ ಕಾಯಿಲೆಯಾಗಿ ಕೆಂಕೆರೆಗೆ ಹೋದರು. ಅಷ್ಟರಲ್ಲಿ ಜಲ್ಲಿ ಲಾರಿಯವರು ಮುಷ್ಕರ ಹೂಡಿದರು. ಉಳಿದ ಗುಂಡಿಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ಮನೆಯಿಂದ ಹೊರಗೆ ಕಾಲಿಡುವುದು ಹೇಗೆ ಎಂದು ಜನ ಗೊಣಗತೊಡಗಿದರು, ಆಕಾಶವೂ ಕಪ್ಪಾಗುತ್ತಿತ್ತು. ಮೇಡಂಗೆ ಫೋನ್ ಮಾಡಬಹುದಿತ್ತು. ಫೋನು ಜೇಬಿನಲ್ಲೇ ಇತ್ತು. ಮಾಡಿದರೆ ಕಾಯಿರಿ ಎನ್ನುತ್ತಾರೆ ಎಂದು ಗೊತ್ತಿತ್ತು—ಅದಕ್ಕೇ ಮಾಡಲಿಲ್ಲ.

ಮಂಡಿಯ ಹಿಂದೆ ಹಂಡೆ ಒಲೆಗೆಂದು ಮಟ್ಟೆಯ ರಾಶಿ ಬಿದ್ದಿತ್ತು. ಹಮಾಲರನ್ನು ಕರೆದೆ. ತೋಟದಲ್ಲಿ ಮಾಡುವ ಹಾಗೆಯೇ ಮಟ್ಟೆಯ ಒಳಮೈ ಮೇಲೆ ಮಾಡಿ ಒತ್ತಾಗಿ ಜೋಡಿಸಿ, ಮಣ್ಣು ಎಳೆದು, ತುಳಿಸಿ, ಮತ್ತೆ ಮಟ್ಟೆ ಜೋಡಿಸಿದೆ. ಬಹಳ ಅಚ್ಚುಕಟ್ಟಾದ ಕೆಲಸ. ಉಳಿದಿದ್ದ ಜಲ್ಲಿಯನ್ನು ಮೇಲೆ ತೆಳ್ಳಗೆ ಹರಡಿಸಿದೆ. “ಯಾರಾದ್ರೂ ಕೇಳುದ್ರೆ ಜಲ್ಲಿ ಅಂತ ಹೇಳ್ರಲಾ,” ಎಂದೆ. ಸರಿ ಎಂದು ನಂಬಿ ಮಾಡಿದವನು ಹಾಗೇಕೆ ಹೇಳಬೇಕು? ಆ ಪ್ರಶ್ನೆ ಅಂದು ನನಗೆ ಬರಲಿಲ್ಲ. ಅಥವಾ ಬಂದಿತ್ತೋ ಏನೋ—

ಕೆಂಕೆರೆಯಿಂದ ವಾಪಸು ಬಂದ ಮೇಡಂ ಮೇಲಿನ ಜಲ್ಲಿ ನೋಡಿ, ನನ್ನ ಮಾತು ನಂಬಿದರು. ಮೊದಲ ವರ್ಷ ನಾನು ಮೀಸೆ ತಿರುವಿಕೊಂಡೇ ಓಡಾಡಿದೆ. ಒಣ ಮಟ್ಟೆ ನೀರನ್ನು ಗಟಗಟ ಕುಡಿಯಿತು. ಬೀದಿಯಲ್ಲಿ ನೀರು ನಿಲ್ಲಲಿಲ್ಲ, ಗಿರಣಿಯ ಬಾಗಿಲು ಮುಟ್ಟಲಿಲ್ಲ. ಹೊಂಗೆಗಳು ನನ್ನ ಎದೆಯೆತ್ತರ ಬಂದವು. ಬೇರೆ ಬೀದಿಯವರು ನೋಡಲು ಬಂದರು. ಚಿಕ್ಕನಾಯಕನಹಳ್ಳಿಯ ಕೆಲವರು ಬಂದು, ನಮ್ಮಲ್ಲೂ ಮಾಡಿಸಿಕೊಡಿ ಎಂದು ಮೇಡಂ ಹತ್ತಿರ ಕೇಳಿಕೊಂಡು ಹೋದರು. ಮೇಡಂ ಖುಷಿಯಿಂದ ಗುಂಡಿಗಳನ್ನು ತೋರಿಸುವಾಗ ನಾನು ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತು ಮನಸ್ಸಿನಲ್ಲೇ ನಗುತ್ತಿದ್ದೆ. ಗೆದ್ದವನು ನಾನು ತಾನೆ! ಒಂದು ದಿನ ಸಮಯ ನೋಡಿ ಅವರ ಮುಖದೆದುರು ಹೇಳಬೇಕು ಎಂದುಕೊಂಡಿದ್ದೆ, ಜಲ್ಲಿಯಲ್ಲ ಮೇಡಂ, ಮಟ್ಟೆ, ಎಂದು.

ಮರು ವರ್ಷ ಗುಂಡಿಗಳು ಕುಸಿಯತೊಡಗಿದವು. ನಿಂತ ನೀರಿಗೆ ವಾಸನೆ ಬಂತು, ಸೊಳ್ಳೆ ಬಂತು. ಹೊಂಗೆಯ ಎಲೆ ಹಳದಿಯಾಯಿತು. ಹಿಂಗಾರಿನ ಒಂದು ಸಂಜೆ ಆಕಾಶ ಕಿತ್ತುಕೊಂಡು ಬಿದ್ದಂತೆ ಮಳೆ ಹೊಡೆಯಿತು. ಮೊದಲೇ ತುಂಬಿದ್ದ ಗುಂಡಿಗಳು ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಇದ್ದ ಕೊಳಚೆಯನ್ನೂ ಹೊರಗೆ ಕಾರಿದವು. ರುದ್ರಮ್ಮನ ಗಿರಣಿಗೆ ಮೊಣಕಾಲುದ್ದ ನೀರು ನುಗ್ಗಿತು. ಮೋಟಾರು ಸುಟ್ಟಿತು. ಜನ ಬೀಸಲು ಕೊಟ್ಟಿದ್ದ ರಾಗಿ, ಅಕ್ಕಿ, ಎಲ್ಲ ನೆನೆದು ಹೋಯಿತು.

ಬೆಳಗ್ಗೆ ಗುಡಿಯ ಜಗಲಿಯಲ್ಲಿ ಮತ್ತೆ ಸಭೆ. ಈ ಸಲ ಯಾರೂ ನಗಲಿಲ್ಲ.

“ನೆಲಕ್ಕೆ ತೂತು ಹೊಡ್ದು ನೀರ್ನ ನನ್ನ ಮನೆಗೇ ಕರ್ದ್ರಲ್ಲಾ ಮೇಡಂ!” ರುದ್ರಮ್ಮನ ದನಿ ನಡುಗುತ್ತಿತ್ತು. “ಓದ್ದೋರು ಅಂತ ನಂಬ್ಕಂಡ್ವು ಕಣ್ರೀ.”

ಮೇಡಂ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಅನುಮಾನವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟು ಮಾಡಿಕೊಳ್ಳಬಹುದಿತ್ತು.

“ಪರಮೇಶಣ್ಣ, ತಳದವರೆಗೂ ಜಲ್ಲೀನೇ ತಾನೆ ಹಾಕ್ಸಿದ್ದು?”

“ಪೂರ್ತಿ ಜಲ್ಲೀನೇ ಮೇಡಂ,” ಎಂದೆ.

ಒಂದನ್ನಾದರೂ ಅಗೆದು ನೋಡೋಣ ಎಂದರು. ಆಗ ನಾನು ಮಾಡಿದ್ದು ಸುಳ್ಳಿಗಿಂತ ಕೀಳಾದ ಕೆಲಸ. ಅವರನ್ನು ಪಕ್ಕಕ್ಕೆ ಕರೆದು, ಅವರ ಪರವಾಗಿ ಮಾತಾಡುವವನ ಹಾಗೆ, “ಬ್ಯಾಡಿ ಮೇಡಂ, ಜನ ರೇಗವ್ರೆ. ಈಗ ಮತ್ತೆ ಅಗ್ಸುದ್ರೆ ನಿಮಗೇ ಅವಮಾನ. ಇಲ್ಲಿಗೆ ಬುಟ್ಬುಡಿ,” ಎಂದೆ. ಅವರು ನನ್ನ ಮುಖ ನೋಡಿ, “ಬೀದೀಲಿ ನೀವೊಬ್ಬರಾದ್ರೂ ನನ್ನ ಜೊತೆ ಇದೀರಲ್ಲ,” ಎಂದರು. ಆ ಮಾತು ಕೇಳಿಸಿಕೊಂಡೂ ನನ್ನ ನಾಲಿಗೆ ಹೊರಳಲಿಲ್ಲ.

ವಾರ ಕಳೆಯುವುದರೊಳಗೆ ಗುಂಡಿಗಳಿಗೆಲ್ಲ ಮಣ್ಣು ಬಿತ್ತು. ಬೀದಿಯವರೇ ಒತ್ತಾಯ ಮಾಡಿ, ಗೋಡೆಯಿಂದ ಗೋಡೆಗೆ ಸಿಮೆಂಟ್ ಹಾಕಿಸಿಕೊಂಡರು. ಒತ್ತಾಯ ಮಾಡಿದವರಲ್ಲಿ ಮೊದಲಿಗ ನಾನು. ಬೇರು ಕೊಳೆತ ಹೊಂಗೆಗಳನ್ನು ಕಿತ್ತು ಹಾಕಿದರು. ಗುಡಿಯ ಎದುರಿನದು ಮಾತ್ರ ಉಳಿಯಿತು, ಗಣೇಶನ ಮಹಿಮೆ ಎಂದು ಎಲ್ಲರೂ ಕೈಮುಗಿದರು. ನಾನೂ ಮುಗಿದೆ.

ಮೇಡಂ ಮನೆ ಖಾಲಿ ಮಾಡಿದ್ದು ಆ ಬೇಸಿಗೆಯಲ್ಲಿ. ಹೋಗುವ ಮೊದಲು ಚಿಕ್ಕನಾಯಕನಹಳ್ಳಿಯವರಿಗೆ ತಾವೇ ಹೇಳಿದರಂತೆ, ನನ್ನ ಲೆಕ್ಕ ತಪ್ಪಿತು, ನಮ್ಮ ನೆಲಕ್ಕೆ ಇದು ಒಗ್ಗುವುದಿಲ್ಲ, ನೀವು ಕೈಹಾಕಬೇಡಿ ಎಂದು. ಅವರು ಕೈಬಿಟ್ಟರು. ಮೇಡಂ ಕೂಡ ಆ ಉಸಾಬರಿಯನ್ನೇ ಬಿಟ್ಟರು. ಮಾಯಸಂದ್ರದಲ್ಲಿ ಮನೆ ಮಾಡಿಕೊಂಡು, ಪಾಠ ಆಯಿತು ತಾವಾಯಿತು ಎಂದು ಇದ್ದಾರೆಂದು ಕೇಳಿದೆ. ಗುಂಡಿ ಮುಚ್ಚಿದ್ದಕ್ಕಿಂತ ನನ್ನನ್ನು ತಿನ್ನುವುದು ಇದು. ನಿಂತು ಮಳೆ ನೋಡುತ್ತಿದ್ದ ಒಬ್ಬ ಹೆಂಗಸು, ನಾನು ಆಡಿದ ಎರಡು ಮಾತಿನಿಂದ ತನ್ನ ಕಣ್ಣನ್ನೇ ನಂಬದ ಹಾಗಾದಳು.

ನಮ್ಮ ಬೀದಿ ಈಗ ಬೇಸಿಗೆಯಲ್ಲಿ ಕಾದ ಕಾವಲಿ. ಸಂಜೆಯಾದರೂ ಜಗಲಿಯ ಮೇಲೆ ಕೂರಲಾಗುವುದಿಲ್ಲ. ಮಳೆ ಬಂದರೆ ನೀರು ಮೊದಲಿಗಿಂತ ಜೋರಾಗಿ ಇಳಿಯುತ್ತದೆ. ರುದ್ರಮ್ಮ ಗಿರಣಿಯ ಬಾಗಿಲಿಗೆ ಹಲಗೆ, ಮರಳಿನ ಚೀಲ ಅಡ್ಡ ಇಡುತ್ತಾಳೆ. ಈಗ ಅವಳು ಯಾರನ್ನೂ ಬೈಯುವುದಿಲ್ಲ. ಮಳೆಯನ್ನು ಬೈಯುತ್ತಾಳೆ.

ಹೋದ ವರ್ಷ ಹೊಸ ನೀರಿನ ಪೈಪು ಹಾಕಲು ಸಿಮೆಂಟ್ ಕತ್ತರಿಸಿದರು. ಜೆಸಿಬಿಯ ಬಾಯಲ್ಲಿ ಕಪ್ಪಗೆ ಅಂಟಂಟಾದ ಮುದ್ದೆ ಬಂತು. “ಇದ್ಯಾವನಪ್ಪ ಬೀದೀಲಿ ಮಟ್ಟೆ ಹೂತವ್ನೆ!” ಎಂದು ಡ್ರೈವರ್ ನಕ್ಕ. ಗುಡಿಯ ಎದುರು ಅಗೆದಾಗ ಮೇಲಿನ ಮಣ್ಣಿನ ಕೆಳಗೆ ಬಂದದ್ದು ಬರೀ ಕಲ್ಲು, ತೊಳೆದಿಟ್ಟಂತೆ ಇತ್ತು. ಸಿಮೆಂಟ್ ಬಿಟ್ಟಿದ್ದ ಹೊಂಗೆಯ ಬುಡದಿಂದ ಹಿಂದಿನ ದಿನದ ಮಳೆ ಇಳಿದಿದ್ದರೂ ತಳದಲ್ಲಿ ನೀರಿರಲಿಲ್ಲ. ಎರಡನ್ನೂ ನಿಂತು ನೋಡಿದವನು ನಾನೊಬ್ಬನೇ. ಮಟ್ಟೆಯಿಂದಲೇ ಹಾಗಾಯಿತೋ ಇಲ್ಲವೋ ಎಂಬ ಅನುಮಾನದ ಮರೆಯಲ್ಲಿ ಇಷ್ಟು ದಿನ ಅಡಗಿಕೊಂಡಿದ್ದೆ; ಅದೂ ಹೋಯಿತು.

ಆಗಲೂ ಹೇಳಲಿಲ್ಲ. ಇಷ್ಟು ವರ್ಷದ ಮೇಲೆ ಯಾಕೆ ಕೆದಕುವುದು, ಅವರೂ ಮರೆತಿರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವರು ಮರೆತಿರಲಿಲ್ಲ. ಈಚೆಗೆ ತುರುವೇಕೆರೆಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಬಂದು ಕುಳಿತವರು ಸುಮಿತ್ರಾ ಮೇಡಂ. ಕೂದಲು ಬೆಳ್ಳಗಾಗಿದೆ. ಮಂಡಿ, ಮಕ್ಕಳು, ಎಲ್ಲ ವಿಚಾರಿಸಿದರು. ಹೋಳಿಗೆಗೆ ತುಪ್ಪ ಬಡಿಸಿಕೊಂಡು ಹೋದ ಮೇಲೆ, ಎಲೆಯನ್ನೇ ನೋಡುತ್ತಾ ಹೇಳಿದರು:

“ಪರಮೇಶಣ್ಣ, ನಿಮ್ಮ ಬೀದಿಗೆ ನನ್ನಿಂದ ಅನ್ಯಾಯ ಆಯ್ತು. ಆವತ್ತು ಕ್ಷಮೆ ಕೇಳೋಕೂ ಧೈರ್ಯ ಬರ್ಲಿಲ್ಲ. ಮನಸ್ಸಲ್ಲಿ ಇಟ್ಕೋಬೇಡಿ.”

“ಅಯ್ಯೋ, ಬುಡಿ ಮೇಡಂ,” ಎಂದೆ. “ತಪ್ಪು ಯಾರ್ ಮಾಡಲ್ಲ?”

ಅವರ ಕಣ್ಣು ತುಂಬಿತು. ಹಗುರಾದವರ ಹಾಗೆ ನಕ್ಕು, ಹೋಳಿಗೆ ಮುರಿದು ಬಾಯಿಗಿಟ್ಟರು. ನಾನೂ ತಿಂದೆ. ನನ್ನ ತಪ್ಪಿಗೆ ನಾನು ಅವರನ್ನು ಕ್ಷಮಿಸಿದ್ದೆ—ತುಪ್ಪ ಹಾಕಿದ ಹೋಳಿಗೆ ತಿನ್ನುತ್ತಾ, ದೊಡ್ಡ ಮನಸ್ಸು ಮಾಡಿ. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಬರುವ ಭಾನುವಾರ ಬೀದಿಯವರನ್ನೆಲ್ಲ ಸೇರಿಸಿದ್ದೇನೆ. ವಿಷಯ ಯಾರಿಗೂ ಹೇಳಿಲ್ಲ. ರುದ್ರಮ್ಮ ಏನು ಮಾಡುತ್ತಾಳೋ ಗೊತ್ತಿಲ್ಲ. ಏನು ಮಾಡಿದರೂ ಸರಿಯೇ. ಅಲ್ಲಿ ನಿಂತಾಗ ಮತ್ತೆ ನಾಲಿಗೆ ಕೈಕೊಡಬಾರದೆಂದು ಇಲ್ಲಿ ಮೊದಲೇ ಬರೆದಿದ್ದೇನೆ.

ನಿನ್ನೆ ಮೇಡಂಗೆ ಫೋನ್ ಮಾಡಿದೆ. ಭಾನುವಾರ ನಮ್ಮ ಬೀದಿಗೆ ಒಂದು ಸಲ ಬನ್ನಿ, ಎಲ್ಲರೂ ಇರುತ್ತಾರೆ ಎಂದೆ. ಏನು ವಿಷಯ ಎಂದು ಕೇಳಿದರು. ಫೋನಿನಲ್ಲಿ ಹೇಳುವಂಥದ್ದಲ್ಲ, ಆ ಗುಂಡಿಗಳ ಮಾತು ಎಂದಷ್ಟೇ ಹೇಳಲು ನನ್ನಿಂದಾಯಿತು.

“ಬರ್ತೀನಿ ಪರಮೇಶಣ್ಣ,” ಎಂದರು. “ಬೈಯ್ಲಿ ಬಿಡಿ. ರುದ್ರಮ್ಮಂಗೆ ಆವತ್ತು ಪೂರ್ತಿ ಬೈಯೋಕೂ ಆಗ್ಲಿಲ್ಲ, ಪಾಪ.”